ಟೇಕ್, ಟುಕ್, ಟೇಕನ್

ಹಲಗೆಯ ಮೇಲೆ ದೊಡ್ಡ ಅಕ್ಷರದಲ್ಲಿ ಟೇಕ್ ಎಂದು ಬರೆದು ತಿರುಗಿದಾಗ ಇಡೀ ತರಗತಿ ತಮ್ಮ ಕಾಲನ್ನೇ ನೋಡುತ್ತಿದೆ ಎಂದು ಮೇಷ್ಟ್ರಿಗೆ ಅನ್ನಿಸಿತು. ಯಾರೂ ನೋಡುತ್ತಿರಲಿಲ್ಲ. ಡ್ರೈವರು ಬಾಯಿಗೆ ಕೈ ಅಡ್ಡ ಹಿಡಿದು ಆಕಳಿಸುತ್ತಿದ್ದ, ಬೇಕರಿಯವನು ಉಗುರಿನ ಸಂದಿಯಿಂದ ಹಿಟ್ಟು ತೆಗೆಯುತ್ತಿದ್ದ, ನರ್ಸಮ್ಮ ಬರೆಯದ ಪೆನ್ನನ್ನು ಕೊಡವಿ ಕೊಡವಿ ನೋಡುತ್ತಿದ್ದಳು. ಕಾಲಲ್ಲಿ ನೋಡುವಂಥದ್ದು ಏನೂ ಇರಲೂ ಇಲ್ಲ. ಈ ಸಂಜೆಯ ಇಂಗ್ಲಿಷ್ ಶಾಲೆಗೆ ಪ್ರಿನ್ಸಿಪಾಲರು ಹೊಸದಾಗಿ ಬೂದು ಬಣ್ಣದ ಕಾರ್ಪೆಟ್ ಹಾಸಿಸಿದ ಮೇಲೆ ಎಲ್ಲರೂ ಬೂಟು, ಚಪ್ಪಲಿಗಳನ್ನು ಮೆಟ್ಟಿಲ ಪಕ್ಕದ ರ‍್ಯಾಕಿನಲ್ಲಿ ಬಿಟ್ಟೇ ಒಳಗೆ ಬರಬೇಕು. ಮೇಷ್ಟ್ರೂ ಕಾಲುಚೀಲದಲ್ಲಿ ನಿಂತೇ ಪಾಠ ಮಾಡಬೇಕು. ಆದರೆ ನಿನ್ನೆ ಆ ರ‍್ಯಾಕಿನಿಂದ ತಮ್ಮ ಹೊಚ್ಚ ಹೊಸ ಕರಿ ಬೂಟು ಮಾಯವಾದ ಸಂಗತಿ ಇಲ್ಲಿ ಕೂತವರಲ್ಲಿ ಒಬ್ಬರಿಗಾದರೂ ಗೊತ್ತು. ಗೊತ್ತಿದ್ದೂ ಆಕಳಿಸುತ್ತಾರೆ, ಉಗುರು ಕೆರೆಯುತ್ತಾರೆ. ಎಂಥ ಜನ!

ನಿನ್ನೆ ಪಾಠ ಮುಗಿಸಿ ಹೊರಗೆ ಬಂದು ರ‍್ಯಾಕಿನ ಮುಂದೆ ನಿಂತಾಗ ಬೂಟಿನ ಜಾಗ ಖಾಲಿಯಿತ್ತು. ಆದರೆ ಹುಡುಕುವುದಾದರೂ ಹೇಗೆ? ಸುತ್ತ ಮುತ್ತ ವಿದ್ಯಾರ್ಥಿಗಳು ಬಗ್ಗಿ ಬಾರು ಕಟ್ಟುತ್ತಿದ್ದಾರೆ, ಒಬ್ಬರ ಭುಜ ಇನ್ನೊಬ್ಬರು ಹಿಡಿದು ಚಪ್ಪಲಿ ಮೆಟ್ಟುತ್ತಿದ್ದಾರೆ. ಬೂಟು ಕಳೆದುಕೊಂಡ ಮೇಷ್ಟ್ರು ಅನ್ನಿಸಿಕೊಂಡರೆ ನಾಳೆ ತಮ್ಮ ಮಾತಿಗೆ ಯಾರು ಬೆಲೆ ಕೊಡುತ್ತಾರೆ? ಜೇಬಿನಲ್ಲಿ ಬಸ್ ಚೀಟಿ ಹುಡುಕುವವರ ಹಾಗೆ ನಟಿಸುತ್ತ, "ಹೂಂ, ಗುಡ್ ನೈಟ್, ಗುಡ್ ನೈಟ್" ಎನ್ನುತ್ತ, ಕಾಲುಚೀಲದಲ್ಲಿ ಅತ್ತಿಂದಿತ್ತ ಸುಳಿದಾಡಿ ಎಲ್ಲರನ್ನೂ ಕಳಿಸಿಕೊಟ್ಟಿದ್ದರು. ಆಮೇಲೆ ರ‍್ಯಾಕಿನಲ್ಲಿ ಉಳಿದದ್ದು ಒಂದೇ ಒಂದು ಜೊತೆ ಕರಿ ಬೂಟು. ತಮ್ಮದಲ್ಲ, ಹಳೆಯದು, ಆಫೀಸಿನಲ್ಲಿ ಇನ್ನೂ ದೀಪ ಉರಿಯುತ್ತಿದೆಯಲ್ಲ, ಅಲ್ಲಿ ಯಾರೋ ಕೂತಿರಬೇಕು, ಅವರದ್ದು ಎಂದುಕೊಂಡು ಮುಖ ತಿರುಗಿಸಿದ್ದರು. ಶೌಚಾಲಯದ ನೀಲಿ ರಬ್ಬರ್ ಚಪ್ಪಲಿಯೇ ಗತಿಯಾಯಿತು. ಹಿಮ್ಮಡಿ ಹೊರಗೆ ಚಾಚಿಕೊಂಡು, ಪಟಪಟ ಸದ್ದು ಮಾಡಿಕೊಂಡು ಬೀದಿಯಲ್ಲಿ ನಡೆಯುವಾಗ ಬೇಕರಿಯ ಬಾಗಿಲಲ್ಲಿ ಅದೇ ಬೇಕರಿಯವನು ನಿಂತಿದ್ದ. "ಗುಡ್ ಈವ್ನಿಂಗ್ ಸಾರ್" ಎಂದ. ಎಂದವನು ಒಂದು ಸಲ ಕೆಳಗೆ ನೋಡಿದ. ಅಲ್ಲಿಂದಾಚೆ ಮೇಷ್ಟ್ರಿಗೆ ಸಮಾಧಾನವಿಲ್ಲ.

ಪ್ರಿನ್ಸಿಪಾಲರಿಗೆ ಹೇಳುವಂತಿಲ್ಲ. ರ‍್ಯಾಕಿನ ಮೇಲೆ 'ನಿಮ್ಮ ಪಾದರಕ್ಷೆಗೆ ನೀವೇ ಹೊಣೆ' ಎಂದು ಅಂಟಿಸಿದವರೇ ಅವರು. ಬೆರಳು ತೋರಿಸಿ ನಕ್ಕುಬಿಟ್ಟಾರು. ಆದ್ದರಿಂದ ಕಳ್ಳನನ್ನು ತಾವೇ ಹಿಡಿಯಬೇಕು, ಅದೂ ಯಾರಿಗೂ ತಿಳಿಯದ ಹಾಗೆ. ಬೆಳಿಗ್ಗೆ ಹಲ್ಲುಜ್ಜುವಾಗ ಉಪಾಯ ಹೊಳೆದಿತ್ತು. ಬಾಯಲ್ಲಿ ನೊರೆ ಇಟ್ಟುಕೊಂಡೇ ಮೇಷ್ಟ್ರು ಕನ್ನಡಿಯೊಳಗೆ ತಮ್ಮನ್ನು ತಾವು ಮೆಚ್ಚಿಕೊಂಡಿದ್ದರು. ವರ್ಷಾನುಗಟ್ಟಲೆ ಕ್ರಿಯಾಪದದ ರೂಪಗಳನ್ನು ಬಾಯಿಪಾಠ ಮಾಡಿಸಿದವರಿಗೆ ಒಂದು ಚಟ ಅಂಟಿಕೊಂಡುಬಿಡುತ್ತದೆ. ವಿದ್ಯಾರ್ಥಿ ಎದ್ದು ನಿಂತು ಐ ಲೆಫ್ಟ್, ಐ ಲಾಸ್ಟ್ ಎಂದು ಒಪ್ಪಿಸುವಾಗ ಅದು ಪಾಠ ಎಂಬುದು ಮರೆತುಹೋಗಿ, ಇವನು ಯಾರನ್ನು ಬಿಟ್ಟ, ಏನನ್ನು ಕಳೆದುಕೊಂಡ ಎಂದು ಮನಸ್ಸು ಕೆದಕತೊಡಗುತ್ತದೆ. ಹೆಂಡತಿ ತವರಿಗೆ ಹೋಗಿ ಕೂತಿದ್ದ ಒಬ್ಬ ದರ್ಜಿ ಹಿಂದೊಮ್ಮೆ ಲೀವ್ ಎಂಬ ಪದಕ್ಕೆ ಬಂದು ಗಂಟಲು ಕಟ್ಟಿ ಕೂತುಬಿಟ್ಟಿದ್ದ. ಅವತ್ತಿನಿಂದ ಮೇಷ್ಟ್ರಿಗೆ ಖಾತ್ರಿಯಾಗಿತ್ತು: ನಾಲಿಗೆ ಸುಳ್ಳು ಹೇಳಬಹುದು, ಕ್ರಿಯಾಪದ ಬಿಡುವುದಿಲ್ಲ. ಕದ್ದವರು ಐ ಟುಕ್ ಎನ್ನುವಾಗ ಎಡವಲೇಬೇಕು. ಎಡವಿದರೋ, ಸಿಕ್ಕರು.

"ಟೇಕ್. ತೆಗೆದುಕೋ. ಇವತ್ತು ಒಂದೇ ಪದ, ಎಲ್ಲ ಕಾಲ, ಎಲ್ಲ ಭಾವ. ಒಬ್ಬೊಬ್ಬರೇ ಎದ್ದು ಹೇಳಬೇಕು. ಉದಾಹರಣೆಗೆ ದಿ ಶೂಸ್" ಎಂದರು. ಶೂಸ್ ಎನ್ನುವಾಗ ಮುಖಗಳ ಮೇಲೆ ಕಣ್ಣಾಡಿಸಿದರು. ಡ್ರೈವರು ಕೈ ಎತ್ತಿದ. "ಶೂಸ್ ಯಾಕೆ ಸಾರ್? ಟೀ ತಗೋಳೋಣ." "ಉದಾಹರಣೆ ಕಣಯ್ಯಾ, ಏನಾದರೂ ಒಂದು ಇರಬೇಕಲ್ಲ!" ಎಂದು ಮೇಷ್ಟ್ರು ಗದರಿದರು. ಗದರಿದ್ದು ಸ್ವಲ್ಪ ಜಾಸ್ತಿಯೇ ಆಯಿತು. ಡ್ರೈವರು ಎದ್ದು, ರಸ್ತೆಯ ಆಚೆ ಬದಿಯವರನ್ನು ಕೂಗುವ ದನಿಯಲ್ಲಿ, "ಐ ಟೇಕ್ ದಿ ಶೂಸ್! ಐ ಟುಕ್ ದಿ ಶೂಸ್! ಐ ಹ್ಯಾವ್ ಟೇಕನ್ ದಿ ಶೂಸ್! ಐ ಹ್ಯಾಡ್ ಟೇಕನ್, ಐ ವಿಲ್ ಟೇಕ್, ಐ ವುಡ್ ಟೇಕ್!" ಎಂದು ಎದೆಯುಬ್ಬಿಸಿ ಒಪ್ಪಿಸಿದ. ತೆಗೆದುಕೊಂಡೆ, ತೆಗೆದುಕೊಂಡಿದ್ದೇನೆ, ಆಗಲೇ ತೆಗೆದುಕೊಂಡಿದ್ದೆ, ಮುಂದೆಯೂ ತೆಗೆದುಕೊಳ್ಳುತ್ತೇನೆ, ಅವಕಾಶ ಸಿಕ್ಕರೆ ಇನ್ನೊಮ್ಮೆ ತೆಗೆದುಕೊಳ್ಳುತ್ತಿದ್ದೆ! ಇಷ್ಟು ಧೈರ್ಯವಾಗಿ ಹೇಳುವವನು ಕದ್ದಿರಲಾರ. ಅಥವಾ ಇಷ್ಟು ಧೈರ್ಯ ಬಂದದ್ದೇ ಕದ್ದದ್ದರಿಂದಲೋ? ಮೇಷ್ಟ್ರು ಅವನ ಹೆಸರಿನ ಮುಂದೆ ಮನಸ್ಸಿನಲ್ಲೇ ಒಂದು ಪ್ರಶ್ನೆ ಚಿಹ್ನೆ ಹಾಕಿದರು.

ಆಮೇಲೆ ಷರತ್ತಿನ ವಾಕ್ಯ ಬಂತು. ಇಫ್ ಐ ಹ್ಯಾಡ್ ಟೇಕನ್ ದಿ ಶೂಸ್, ನಾನು ಆ ಬೂಟು ತೆಗೆದುಕೊಂಡಿದ್ದರೆ, ಮುಂದಿನದನ್ನು ಅವರವರೇ ಪೂರ್ತಿ ಮಾಡಬೇಕು. ಬೇಕರಿಯವನು ಚಾವಣಿ ನೋಡಿ ಯೋಚಿಸಿ, "ಐ ವುಡ್ ಹ್ಯಾವ್ ಟೇಕನ್ ದಿ ಸಾಕ್ಸ್ ಆಲ್ಸೋ" ಎಂದ. ಕಾಲುಚೀಲವನ್ನೂ ಬಿಡುತ್ತಿರಲಿಲ್ಲವಂತೆ! ಎಲ್ಲರೂ ಘೊಳ್ಳೆಂದರು. ಮೇಷ್ಟ್ರೂ ನಕ್ಕರು, ಆದರೆ ನಗು ಹಲ್ಲಿನಿಂದ ಒಳಗೆ ಇಳಿಯಲಿಲ್ಲ. ಸಾಕ್ಸ್ ಯಾಕೆ ನೆನಪಾಯಿತು ಇವನಿಗೆ? ನಿನ್ನೆ ನೀಲಿ ಚಪ್ಪಲಿಯಲ್ಲಿ ತಮ್ಮ ಸಾಕ್ಸ್ ನೋಡಿದವನು ಇವನೊಬ್ಬನೇ. ನರ್ಸಮ್ಮ, ಕದ್ದಿದ್ದರೆ ವಾಪಸು ಕೊಟ್ಟುಬಿಡುತ್ತಿದ್ದೆ ಎಂದು ಅಚ್ಚುಕಟ್ಟಾಗಿ ಹೇಳಿ ಕೂತಳು. ಅದೂ ಅನುಮಾನವೇ. ಅಷ್ಟು ಬೇಗ ವಾಪಸು ಕೊಡುವ ಮಾತು ಬರುತ್ತದೆಯೆಂದರೆ ಮನಸ್ಸಿನಲ್ಲಿ ಏನೋ ಇದ್ದೇ ಇದೆ.

ಆಗ ಶೋರೂಮಿನವಳು ಎದ್ದಳು. ಬಟ್ಟೆಯ ದೊಡ್ಡ ಶೋರೂಮೊಂದರ ಗೋದಾಮಿನಲ್ಲಿ ಥಾನುಗಳನ್ನು ಬಿಚ್ಚಿ ಅಳೆದು ಸುತ್ತುವ ಕೆಲಸ ಅವಳದ್ದು. ಇಂಗ್ಲಿಷ್ ಬಂದರೆ ಕೌಂಟರಿಗೆ ಹಾಕುತ್ತಾರೆ, ಕೂಡುವುದಕ್ಕೊಂದು ಸ್ಟೂಲು ಸಿಗುತ್ತದೆ ಸಾರ್ ಎಂದು ಸೇರಿದ ದಿನವೇ ನಗುತ್ತ ಹೇಳಿಕೊಂಡಿದ್ದಳು. ಮುಂದಿನ ವಾರವೇ ಇಂಟರ್‌ವ್ಯೂ. ತರಗತಿಯಲ್ಲೆಲ್ಲ ಚುರುಕು, ಬಾಯಿ ಸ್ವಲ್ಪ ಜೋರು. ಬೇರೆಯವರು ತಪ್ಪಿದರೆ ಪಿಸುದನಿಯಲ್ಲಿ ಹೇಳಿಕೊಡುವವಳು. "ಐ ಟೇಕ್ ದಿ ಶೂಸ್" ಎಂದು ಶುರು ಮಾಡಿದಳು. ಮೇಷ್ಟ್ರ ಕಣ್ಣು ಅವಳ ಕಾಲ ಬಳಿ ಇದ್ದ ಕೈಚೀಲದ ಮೇಲೆ ಬಿತ್ತು. ಉಬ್ಬಿದ ಚೀಲ. ಜಿಪ್ಪು ಪೂರ್ತಿ ಹಾಕಿಲ್ಲ. ಸಂದಿಯಲ್ಲಿ ಕಪ್ಪಗೆ, ದುಂಡಗೆ ಏನದು? ಬೂಟಿನ ಮೂತಿ! ಮೇಷ್ಟ್ರು ಕಣ್ಣೆತ್ತಿ ಅವಳನ್ನು ದಿಟ್ಟಿಸಿದರು, ಎವೆ ಮುಚ್ಚದೆ. ಅವಳು ಮೇಷ್ಟ್ರನ್ನು ನೋಡಿದಳು, ಚೀಲವನ್ನು ನೋಡಿದಳು, ಮತ್ತೆ ಮೇಷ್ಟ್ರನ್ನು ನೋಡಿದಳು. "ಐ... ಐ ಟು..." ಎಂದಳು. ನಿಂತಿತು. ಎಡವಿದಳು.

"ವಾಟ್ ಡಿಡ್ ಯು ಟೇಕ್?" ಎಂದರು ಮೇಷ್ಟ್ರು ಮೆಲ್ಲಗೆ, ಬೆಕ್ಕಿನ ದನಿಯಲ್ಲಿ. ಅವಳು "ಸಾರ್?" ಎಂದಳು. "ವಾಟ್ ಹ್ಯಾವ್ ಯು ಟೇಕನ್?" "ನಥಿಂಗ್ ಸಾರ್." "ನೋ ನೋ, ಹೇಳಿಕೊಟ್ಟ ಹಾಗೆ ಹೇಳಿ. ಐ ಹ್ಯಾವ್ ಟೇಕನ್ ದಿ ಶೂಸ್. ಹೇಳಿ." ಬೇಕರಿಯವನ ನಗು ಅರ್ಧಕ್ಕೇ ನಿಂತಿತ್ತು. ಎಲ್ಲರ ಕತ್ತೂ ಅವಳತ್ತ ತಿರುಗಿ, ಅಲ್ಲಿಂದ ಚೀಲದತ್ತ ಇಳಿಯಿತು. ಮೇಷ್ಟ್ರು ಒಂದು ಬೆರಳೂ ತೋರಿಸದೆ ಇಷ್ಟೆಲ್ಲ ನಡೆದುಹೋಗಿತ್ತು. "ನಾನು ಹೇಳಲ್ಲ ಸಾರ್" ಎಂದಳು ಅವಳು. ಆಮೇಲೆ ಯಾರೂ ಕೇಳದೆಯೇ ಬಗ್ಗಿ ಚೀಲ ಎತ್ತಿ ಬೆಂಚಿನ ಮೇಲಿಟ್ಟು, ಜಿಪ್ಪು ಸರ‍್ರನೆ ಎಳೆದು, ಒಂದೊಂದೇ ತೆಗೆದು ಸಾಲಾಗಿ ಇಟ್ಟಳು: ನೀರಿನ ಬಾಟಲಿ, ಹಲ್ಲು ಮುರಿದ ಬಾಚಣಿಗೆ, ಮಡಿಸಿದ ಯೂನಿಫಾರ್ಮು, ಅರ್ಧ ತಿಂದ ಬಿಸ್ಕತ್ತಿನ ಪೊಟ್ಟಣ, ಒಂದು ಜೊತೆ ಹೆಂಗಸರ ಕರಿ ಬೂಟು. ಯೂನಿಫಾರ್ಮಿನ ಜೊತೆ ಹಾಕುವ ಬೂಟು, ಮೂತಿಯಲ್ಲಿ ಸವೆದು ಬೆಳ್ಳಗಾಗಿತ್ತು. ಖಾಲಿ ಚೀಲವನ್ನು ತಲೆಕೆಳಗು ಮಾಡಿ ಕೊಡವಿ ತೋರಿಸಿದಳು. ಆಮೇಲೆ ಎರಡೂ ಕೈಗಳನ್ನು ಮೈಯಿಂದ ಸ್ವಲ್ಪ ದೂರ ಹಿಡಿದು ನಿಂತಳು. ಯಾಕೆ ಹಾಗೆ ನಿಂತಳೆಂದು ಮೇಷ್ಟ್ರಿಗೆ ತಿಳಿಯಲಿಲ್ಲ. "ಗುಡ್" ಎಂದರು ಮೇಷ್ಟ್ರು. ತಮಗೇ ಕೇಳಿಸದಷ್ಟು ಸಣ್ಣಗೆ, "ಸಿಟ್ ಡೌನ್. ನೆಕ್ಸ್ಟ್" ಎಂದರು. ಅವಳು ಕೂರಲಿಲ್ಲ. ಸಾಮಾನನ್ನೆಲ್ಲ ಚೀಲಕ್ಕೆ ತುಂಬಿಕೊಂಡು ಹೊರಟುಹೋದಳು.

ಮನೆಗೆ ಬರುವ ದಾರಿಯುದ್ದಕ್ಕೂ ಮೇಷ್ಟ್ರು ಅವಳನ್ನು ಬಿಡಲಿಲ್ಲ. ಚೀಲದಲ್ಲಿ ಇರಲಿಲ್ಲ, ಸರಿ. ಕದ್ದ ಮಾಲನ್ನು ಮಾರನೆಯ ದಿನ ಅದೇ ಚೀಲದಲ್ಲಿ ಹೊತ್ತು ತರಲು ಅವಳೇನು ಪೆದ್ದಿಯೇ? ಆಗಲೇ ಸಾಗಿಸಿರುತ್ತಾಳೆ. ಗಂಡನಿಗೋ, ಅಣ್ಣನಿಗೋ. ತೆಗೆಯದವರು ಯಾಕೆ ತೊದಲಬೇಕು? ಕೇಳುವ ಮೊದಲೇ ಚೀಲ ಬಿಚ್ಚಿ ತೋರಿಸುವ ಆತುರ ಯಾಕೆ? ಹೀಗೆಲ್ಲ ಲೆಕ್ಕ ಹಾಕಿದರೂ ಹಲ್ಲು ಮುರಿದ ಬಾಚಣಿಗೆ ಸುಮ್ಮನೆ ಮತ್ತೆ ಮತ್ತೆ ಕಣ್ಣ ಮುಂದೆ ಬರುತ್ತಿತ್ತು. ಬಾಗಿಲು ತೆಗೆದ ಅಕ್ಕ ಮೊದಲು ನೋಡಿದ್ದು ಕಾಲನ್ನೇ. ಗಂಡ ಸತ್ತ ಮೇಲೆ ತಮ್ಮನ ಜೊತೆ ಬಂದು ನೆಲೆಸಿದವಳು, ಮೇಷ್ಟ್ರನ್ನು ಲೋ ಎಂದು ಕರೆಯುವ ಹಕ್ಕು ಈ ಭೂಮಿಯ ಮೇಲೆ ಉಳಿದಿದ್ದರೆ ಅವಳೊಬ್ಬಳಿಗೇ. "ಲೋ, ನಿನ್ನೆ ರಬ್ಬರ್ ಚಪ್ಪಲಿ, ಇವತ್ತು ಹಳೇ ಚಪ್ಪಲೀನೇ? ಹೊಸ ಬೂಟು ಎಲ್ಲೋ?" "ರಿಪೇರಿಗೆ ಕೊಟ್ಟಿದೀನಿ." "ಹೊಸ ಬೂಟು ರಿಪೇರಿಗಾ?" ಅಕ್ಕ ಮೂಗಿನ ಮೇಲೆ ಬೆರಳಿಟ್ಟಳು. ಆ ಬೂಟು ಕೊಳ್ಳುವುದೇ ಬೇಡ ಎಂದಿದ್ದವಳು ಇವಳೇ. ಈಗ ಒಳಗೊಳಗೇ ಖುಷಿ ಪಡುತ್ತಿರಬಹುದು ಎಂಬ ಅನುಮಾನ ಒಂದು ಕ್ಷಣ ಮಿಂಚಿ, ಇದ್ದಬದ್ದವರನ್ನೆಲ್ಲ ಹೀಗೆ ಕಾಣುತ್ತಿದ್ದೇನಲ್ಲ ಎಂದು ಅವರಿಗೇ ಅಸಹ್ಯವಾಯಿತು.

ಊಟದ ತಟ್ಟೆಯ ಮುಂದೆ ಕಡೆಗೂ ಬಾಯಿ ಬಿಟ್ಟರು. ಬೂಟು, ರ‍್ಯಾಕು, ಕ್ರಿಯಾಪದ, ತೊದಲಿದವಳು, ಎಲ್ಲ. ಹೇಳುತ್ತ ಹೇಳುತ್ತ ತಮ್ಮ ಉಪಾಯದ ಬಗ್ಗೆ ಮತ್ತೆ ಸಣ್ಣ ಹೆಮ್ಮೆ ಮೂಡಿತು. "ಕದ್ದೋರ ನಾಲಿಗೆ ಅಲ್ಲೇ ಸಿಕ್ಕಿಬೀಳುತ್ತೆ ಅಕ್ಕ." ಅಕ್ಕ ನೀರಿನ ಲೋಟ ಕೆಳಗಿಟ್ಟು, "ಚಿಕ್ಕವರಿದ್ದಾಗಿನ ಸಕ್ಕರೆ ಡಬ್ಬಿ ನೆನಪಿದೆಯೇನೋ?" ಎಂದಳು. ಅಪ್ಪ ಬಾಗಿಲಲ್ಲಿ ನಿಂತಿದ್ದಾರೆ, ಮಕ್ಕಳನ್ನೆಲ್ಲ ಸಾಲಾಗಿ ನಿಲ್ಲಿಸಿದ್ದಾರೆ, ಒಬ್ಬೊಬ್ಬರ ಅಂಗೈ ಹಿಡಿದು ಮೂಸುತ್ತ ಬರುತ್ತಿದ್ದಾರೆ. ಸಕ್ಕರೆ ಡಬ್ಬಿಯ ಮುಚ್ಚಳ ತೆರೆದಿದೆ. ಮೂಸುವ ಮೂಗು ಹತ್ತಿರ ಬಂದಂತೆಲ್ಲ ಸಾಲಿನ ಕೊನೆಯ ಹುಡುಗನ ಮೊಣಕಾಲು ಗಡಗಡ. ಚಡ್ಡಿಯ ಜೇಬಿನಲ್ಲಿ ಒಂದು ಕಾಳೂ ಇಲ್ಲ, ಆದರೂ ಅಂಗೈ ಒದ್ದೆ. "ಇವನೇ" ಎಂದರು ಅಪ್ಪ. ಕಪಾಳದ ಉರಿ ಈಗಲೂ ಗೊತ್ತು. "ಸಕ್ಕರೆ ತಿಂದೋಳು ನಾನು ಕಣೋ" ಎಂದಳು ಅಕ್ಕ, ಅನ್ನ ಕಲಸುತ್ತ. "ಕೈ ತೊಳ್ಕೊಂಡು ಬಂದು ಕಂಬದ ಹಾಗೆ ನಿಂತಿದ್ದೆ. ನಡುಗ್ತಿದ್ದೋನು ನೀನು." "ಅದು ಬೇರೆ, ಇದು ಬೇರೆ" ಎಂದರು ಮೇಷ್ಟ್ರು. "ಅಪ್ಪ ಪಾಠ ಮಾಡ್ತಿರಲಿಲ್ಲ." ಅಕ್ಕ ಅವರ ತಟ್ಟೆಗೆ ಇನ್ನೊಂದಿಷ್ಟು ಅನ್ನ ಹಾಕಿದಳು.

ಮಾರನೆಯ ಸಂಜೆ ಮೆಟ್ಟಿಲು ಹತ್ತಿ ಬಂದು ನೋಡಿದರೆ, ರ‍್ಯಾಕಿನ ಮಧ್ಯದ ಅಂತಸ್ತಿನಲ್ಲಿ ಬೂಟು! ತಮ್ಮದೇ, ಹೊಸ ಹೊಳಪಿನದೇ, ಬಾರನ್ನು ಒಳಗೆ ಮಡಚಿ ಜೋಡಿಸಿಟ್ಟಿದೆ. ಮೇಷ್ಟ್ರು ಸುತ್ತ ನೋಡಿದರು. ಮೈಯೆಲ್ಲ ಹಗುರಾಯಿತು. ಅಂದರೆ ಗೆದ್ದೆ! ಹೆದರಿ ತಂದಿಟ್ಟಿದ್ದಾಳೆ. ರಾತ್ರಿಯೆಲ್ಲ ನಿದ್ದೆ ಬಂದಿರಲಿಕ್ಕಿಲ್ಲ ಅವಳಿಗೆ. ಅಕ್ಕನ ಸಕ್ಕರೆಯ ಕಥೆಗೆ ಇಲ್ಲಿದೆ ಉತ್ತರ. ತರಗತಿಗೆ ಕಾಲಿಟ್ಟಾಗ ಅವಳ ಬೆಂಚು ಖಾಲಿಯಿತ್ತು, ಇನ್ನೇನು ಸಾಕ್ಷಿ ಬೇಕು? ಇಂಟರ್‌ವ್ಯೂ ಹತ್ತಿರ ಇಟ್ಟುಕೊಂಡು ಪಾಠ ಬಿಡುವವರು ಯಾರು? ಮೇಷ್ಟ್ರಿಗೆ ಸುಮ್ಮನಿರಲಾಗಲಿಲ್ಲ. "ನೋಡಿ, ಹೋದದ್ದು ವಾಪಸು ಬಂದಿದೆ. ಯಾರಿಗೆ ಅರ್ಥ ಆಗಬೇಕೋ ಅವರಿಗೆ ಅರ್ಥ ಆದರೆ ಸಾಕು. ನಾನು ದೊಡ್ಡದು ಮಾಡೋದಿಲ್ಲ" ಎಂದರು, ದೊಡ್ಡ ಮನಸ್ಸಿನವರ ಹಾಗೆ ಕೈ ಬೀಸಿ. ನರ್ಸಮ್ಮ ತಲೆ ತಗ್ಗಿಸಿದಳು. ಡ್ರೈವರು ಆವತ್ತು ಆಕಳಿಸಲಿಲ್ಲ, ನೆಟ್ಟಗೆ ಮೇಷ್ಟ್ರನ್ನೇ ನೋಡುತ್ತಿದ್ದ. "ಅವರು ಇನ್ನು ಬರಲ್ಲ ಅನ್ಸುತ್ತೆ ಸಾರ್" ಎಂದ. "ಫೋನ್ ಮಾಡಿದ್ದೆ. ಇಂಟರ್‌ವ್ಯೂನೂ ಬೇಡ ಅಂತಿದ್ರು."

ಪಾಠ ಮುಗಿಸಿ ಹಾಜರಿ ಪುಸ್ತಕ ಇಡಲು ಆಫೀಸಿಗೆ ಹೋದಾಗ ಲೆಕ್ಕ ನೋಡಿಕೊಳ್ಳುವವರು, ದಪ್ಪ ಕನ್ನಡಕದ ನಗುಮುಖದ ಮನುಷ್ಯ, ಕುರ್ಚಿಯಿಂದ ಅರ್ಧ ಎದ್ದರು. "ಮೇಷ್ಟ್ರೇ, ಕ್ಷಮಿಸಬೇಕು ಕಣ್ರೀ! ಮೊನ್ನೆ ನಿಮ್ಮ ಪಾಠದ ನಡುವೆ, ದೀಪಾನೂ ಆರಿಸದೆ ಎಟಿಎಂಗೆ ಓಡೋ ಆತುರದಲ್ಲಿ ನಿಮ್ಮ ಬೂಟು ಹಾಕ್ಕೊಂಡು ಹೋಗ್ಬಿಟ್ಟಿದ್ದೀನಿ. ಅಲ್ಲಿಂದ ಹಾಗೇ ಮನೆಗೆ. ನಿನ್ನೆ ನನಗೆ ರಜ. ಹೆಬ್ಬೆರಳು ಒತ್ತಿದಾಗಲೇ ಗೊತ್ತಾಗಿದ್ದು, ಅರೇ, ಇದು ನಂದಲ್ಲ ಅಂತ. ಬಣ್ಣ ಒಂದೇ, ಕಂಪನಿ ಒಂದೇ. ನಂದು ಅಲ್ಲೇ ರ‍್ಯಾಕಲ್ಲಿ ಬಿದ್ದಿತ್ತಲ್ಲ, ನೀವು ಅದನ್ನಾದ್ರೂ ಹಾಕ್ಕೊಂಡು ಹೋಗಬಾರದಿತ್ತಾ?" ಎಂದು ಗಹಗಹಿಸಿ ನಕ್ಕರು. ಮೇಷ್ಟ್ರೂ ಹಹಹ ಎಂದರು. ಆ ಹಹಹ ಬಾಯಿಂದ ಹೊರಟು ಗೋಡೆಗೆ ತಾಗಿ ವಾಪಸು ಬಂದ ಹಾಗಾಯಿತು. ಆಫೀಸಿನ ಬಾಗಿಲು ಹಾಕಿದ ಮೇಲೂ ಒಂದು ಕೊಕ್ಕೆ ತಲೆಯೊಳಗೆ ಉಳಿದಿತ್ತು: ಇವರೇಕೆ ಅಷ್ಟು ಜೋರಾಗಿ ನಗಬೇಕು, ಅವಳಿಗೂ ಇವರಿಗೂ ಏನಾದರೂ... ಥೂ, ಎಂದುಕೊಂಡರು ಮೇಷ್ಟ್ರು. ಥೂ ಎಂದದ್ದು ಯಾರಿಗೆ ಎಂದು ಅವರು ಕೇಳಿಕೊಳ್ಳಬೇಕಾಗಿರಲಿಲ್ಲ.

ಶೋರೂಮಿನ ಮುಂಬಾಗಿಲಲ್ಲಿ ಗಾಜು, ದೀಪ, ಬೊಂಬೆಗಳ ಮೈಮೇಲೆ ಬಟ್ಟೆ. ನೌಕರರು ಹೊರಬರುವುದು ಹಿಂದಿನ ಓಣಿಯ ಕಬ್ಬಿಣದ ಬಾಗಿಲಿನಿಂದ. ಮೇಷ್ಟ್ರು ಮರುದಿನ ಪಾಠಕ್ಕೆ ಹೋಗುವ ಮೊದಲು ಅಲ್ಲಿ, ರಟ್ಟಿನ ಪೆಟ್ಟಿಗೆಗಳ ರಾಶಿಯ ಪಕ್ಕ ನಿಂತರು. ಹೇಳಬೇಕಾದ್ದನ್ನು ಬಸ್ಸಿನಲ್ಲೇ ಜೋಡಿಸಿಕೊಂಡಿದ್ದರು. ಆಡಬೇಕಾದ ಮಾತು ಚಿಕ್ಕದಾಗಿರಬೇಕು, ಘನತೆ ಹೋಗಬಾರದು, ಒಂದು ಗೊಂದಲ ಆಯಿತು ಎಂಬಂತಿರಬೇಕು. ಬಾಗಿಲು ತೆರೆಯಿತು. ಒಳಗೆ ಕಾವಲಿನ ಹೆಂಗಸು ಸ್ಟೂಲಿನ ಮೇಲೆ ಕೂತಿದ್ದಳು, ಅವಳೆದುರು ಕೆಲಸ ಬಿಟ್ಟ ಹೆಂಗಸರ ಸಾಲು. ಒಬ್ಬೊಬ್ಬರೂ ಮುಂದೆ ಬಂದು ಮೇಜಿನ ಮೇಲೆ ಚೀಲ ಇಡುತ್ತಾರೆ, ಜಿಪ್ಪು ಎಳೆಯುತ್ತಾರೆ, ಬಾಟಲಿ, ಬಾಚಣಿಗೆ, ಯೂನಿಫಾರ್ಮು ತೆಗೆದಿಡುತ್ತಾರೆ. ಆಮೇಲೆ ಎರಡೂ ಕೈಗಳನ್ನು ಮೈಯಿಂದ ಸ್ವಲ್ಪ ದೂರ ಹಿಡಿದು ನಿಲ್ಲುತ್ತಾರೆ. ಕಾವಲಿನವಳು ಪಕ್ಕೆ, ಸೊಂಟ ತಡವಿ "ಹೂಂ, ನಡಿ" ಎನ್ನುತ್ತಾಳೆ. ಯಾರ ಮುಖದಲ್ಲೂ ಸಿಟ್ಟಿಲ್ಲ, ಮಾತು ನಡೆದೇ ಇದೆ, ಒಬ್ಬಳು ನಗುತ್ತಿದ್ದಾಳೆ. ಸಾಲಿನ ಮಧ್ಯದಲ್ಲಿ ಅವಳಿದ್ದಳು. ಅವಳ ಸರದಿ ಬಂತು. ಚೀಲ ಇಟ್ಟಳು. ಜಿಪ್ಪು ಎಳೆದಳು. ಕೈ ಎತ್ತಿದಳು. ಬಸ್ಸಿನಲ್ಲಿ ಜೋಡಿಸಿಕೊಂಡ ಮಾತೆಲ್ಲ ಮೇಷ್ಟ್ರ ತಲೆಯಿಂದ ಸುರಿದುಹೋಯಿತು.

ಅವಳು ಹೊರಗೆ ಬಂದು ಅವರನ್ನು ನೋಡಿ ನಿಂತಳು. "ಏನ್ ಸಾರ್, ಇಲ್ಲಿ?" ಮೇಷ್ಟ್ರು ಸುತ್ತ ನೋಡಿ ದನಿ ತಗ್ಗಿಸಿದರು. "ಬೂಟು ಸಿಕ್ತಮ್ಮ. ಲೆಕ್ಕದವರು ತಿಳೀದೆ ಹಾಕ್ಕೊಂಡು ಹೋಗಿದ್ದರಂತೆ. ನೀವು ಮನಸ್ಸಿಗೆ ಹಚ್ಕೋಬೇಡಿ. ಪಾಠಕ್ಕೆ ಬನ್ನಿ. ತಪ್ಪಾಯ್ತು." ಅವಳು ಚೀಲವನ್ನು ಹೆಗಲಿಗೆ ಏರಿಸಿಕೊಂಡಳು. ಸಿಟ್ಟು ಬಂದಿದ್ದರೆ ಚೆನ್ನಾಗಿತ್ತು, ಬಂದಿರಲಿಲ್ಲ. "ಸಾರ್, ದಿನಾ ಸಂಜೆ ಇಲ್ಲಿ ಎಲ್ಲಾನೂ ಬಿಚ್ಚಿ ತೋರಿಸಿ ಬರ್ತೀನಿ. ಅದಕ್ಕೆ ಸಂಬಳ ಕೊಡ್ತಾರೆ. ನಿಮ್ಮ ಹತ್ರ ನಾನೇ ಫೀಸ್ ಕೊಟ್ಟು ಬರ್ತಿದ್ದೆ. ಅಲ್ಲಾದ್ರೂ ಯಾರೂ ತೋರ್ಸು ಅನ್ನಲ್ಲ ಅಂತ." ಚೀಲದ ಪಟ್ಟಿ ಸರಿಮಾಡಿಕೊಂಡಳು. "ನೀವು ಗುಟ್ಟಾಗಿ ಬಂದು ಹೇಳಿದ್ರೆ ನನಗೆ ಮಾತ್ರ ಗೊತ್ತಾಗುತ್ತೆ. ನನಗೆ ಮೊದಲೇ ಗೊತ್ತಿತ್ತಲ್ಲ ಸಾರ್, ನಾನು ತಗೊಂಡಿಲ್ಲ ಅಂತ." ಓಣಿಯ ತುದಿಯ ಕಡೆ ಹೊರಟು, ತಿರುಗಿ ಹೇಳಿದಳು: "ನಾಳೆ ಬರ್ತೀನಿ. ಎಲ್ಲರ ಎದುರಿಗೆ ಹೇಳಿ. ಹೇಳೋವರೆಗೂ ಕೂತ್ಕೊಳಲ್ಲ."

ನಾಳೆ ಬಂದೇ ಬಂತು. ಎಲ್ಲರೂ ಕೂತರು, ಅವಳು ತನ್ನ ಬೆಂಚಿನ ಪಕ್ಕ ನಿಂತಿದ್ದಳು. ಮೇಷ್ಟ್ರು ಸೀಮೆಸುಣ್ಣ ಹಿಡಿದು ಹಲಗೆಯ ಕಡೆ ತಿರುಗಿ ಒರೆಸಿದ್ದನ್ನೇ ಮತ್ತೆ ಒರೆಸಿದರು. ಬೆನ್ನಿನ ಮೇಲೆ ಎಲ್ಲರ ಕಣ್ಣು ಚುಚ್ಚುತ್ತಿತ್ತು. ಇವಳು ಬೇಕೆಂದೇ ಹೀಗೆ ಮಾಡುತ್ತಿದ್ದಾಳೋ? ಡ್ರೈವರು, ಇವಳು ಸೇರಿ ಗೊತ್ತು ಮಾಡಿಕೊಂಡಿದ್ದಾರೋ? ಬಾಗಿಲಾಚೆ ಪ್ರಿನ್ಸಿಪಾಲರ ನೆರಳು ಹಾದುಹೋದ ಹಾಗಾಯಿತು, ಕೇಳಿಸಿಕೊಳ್ಳಲಿಕ್ಕೇ ನಿಂತಿರಬಹುದೋ? ತಿರುಗಿ, "ಮೊನ್ನೆ ಒಂದು ಸಣ್ಣ ಮಿಸ್ಟೇಕ್ ಆಯ್ತು, ಮಿಸ್ಟೇಕ್ ಅನ್ನೋದು ಎಲ್ಲರಿಗೂ ಆಗುತ್ತೆ, ಈಗ ಉದಾಹರಣೆಗೆ..." ಎಂದು ಶುರು ಮಾಡಿದರು. ಅವಳು ನಿಂತೇ ಇದ್ದಳು. "ಸಿಟ್ ಡೌನ್" ಎಂದರು. ನಿಂತಿದ್ದಳು. "ಪ್ಲೀಸ್" ಎಂದರು. ಬೇಕರಿಯವನು ಒಮ್ಮೆ ಕೆಮ್ಮಿದ. ಸೀಮೆಸುಣ್ಣ ಬೆರಳ ನಡುವೆ ಪುಡಿಯಾಗುತ್ತಿತ್ತು, ಅಂಗೈ ಒದ್ದೆಯಾಗಿತ್ತು, ಮೊಣಕಾಲು ನಿಜಕ್ಕೂ ನಡುಗುತ್ತಿತ್ತು. ಈಗ ಯಾರಾದರೂ ತಮ್ಮನ್ನು ನೋಡಿದರೆ ಏನೆಂದುಕೊಂಡಾರು ಎಂದು ಹೊಳೆದು ಮೇಷ್ಟ್ರು ಸೀಮೆಸುಣ್ಣ ಕೆಳಗಿಟ್ಟರು.

"ನನ್ನ ಬೂಟು ಕಾಣಲಿಲ್ಲ" ಎಂದರು. "ನಿಮ್ಮಲ್ಲೇ ಯಾರೋ ಕದ್ದಿದ್ದೀರಿ ಅಂದ್ಕೊಂಡೆ. ಕಳ್ಳರನ್ನ ಹಿಡಿಯೋಕೇ ಆ ಪಾಠ ಮಾಡಿದ್ದು. ಇವರು ತೊದಲಿದ್ರು, ನಾನು ಹಾಗೆ ಕಣ್ಣು ಬಿಟ್ಟು ನೋಡಿದ್ದಕ್ಕೆ ತೊದಲಿದ್ರು. ಇವರು ಏನೂ ತಗೊಂಡಿರಲಿಲ್ಲ. ಬೂಟು ಸಿಕ್ಕಿದ ಮೇಲೂ ಇವರೇ ತಂದಿಟ್ಟಿದ್ದಾರೆ ಅಂದ್ಕೊಂಡು ಮೊನ್ನೆ ಹಾಗೆ ಮಾತಾಡಿದೆ. ಅದೂ ಸುಳ್ಳು. ತಪ್ಪು ನಂದು, ಪೂರ್ತಿ ನಂದು." ಯಾರೂ ನಗಲಿಲ್ಲ. ಅವಳು ಬೆಂಚು ಸರಿಮಾಡಿಕೊಂಡು ಕೂತಳು, ಪೆನ್ನು ತೆಗೆದಳು. "ಸಾರ್, ಇಂಟರ್‌ವ್ಯೂ ಸೋಮವಾರ" ಎಂದಳು. "ಗಿರಾಕಿ ಹತ್ರ ಮಾತಾಡೋದು ಹೇಳಿಕೊಡಿ. ಗಿವ್ ಮಾಡೋಣ." ಮೇಷ್ಟ್ರು ಗಿವ್ ಎಂದು ಬರೆದರು. ಆವತ್ತಿನಷ್ಟು ಚೆನ್ನಾಗಿ ಅವರು ಎಷ್ಟೋ ದಿನಗಳಿಂದ ಪಾಠ ಮಾಡಿರಲಿಲ್ಲ. ಮೇ ಐ ಗಿವ್ ಯು, ಐ ವುಡ್ ಗಿವ್, ಐ ಹ್ಯಾವ್ ಗಿವನ್. ಡ್ರೈವರು ಗಿರಾಕಿಯಾಗಿ ಬಂದು ಚೌಕಾಶಿ ಮಾಡಿದ, ಅವಳು ಇಲ್ಲದ ಥಾನು ಬಿಚ್ಚಿ ತೋರಿಸಿದಳು, ನರ್ಸಮ್ಮ ನಕ್ಕು ನಕ್ಕು ಕಣ್ಣೊರೆಸಿಕೊಂಡಳು. ಇಷ್ಟೇ ಆಗಿತ್ತೇ ಎಂದು ಮೇಷ್ಟ್ರಿಗೆ ಆಶ್ಚರ್ಯವಾಯಿತು. ಇಷ್ಟಕ್ಕೆ ಇಷ್ಟು ಹೆದರಿದೆನೇ? ಎದೆಯ ಮೇಲಿನ ಭಾರ ಇಳಿದಿತ್ತು. ತಾವು ಬದಲಾಗಿದ್ದೇವೆ ಎಂದೇ ಅವರಿಗೆ ಅನ್ನಿಸಿತು.

ಪಾಠ ಮುಗಿದು ಎಲ್ಲರೂ ಮಾತಾಡುತ್ತ ಮೆಟ್ಟಿಲ ಬಳಿ ಗುಂಪುಗೂಡಿದರು. ಮೇಷ್ಟ್ರು ಬಾಗಿಲು ದಾಟಿ ಬಂದಾಗ ರ‍್ಯಾಕಿಗೆ ಅಡ್ಡವಾಗಿ, ಅವರಿಗೆ ಬೆನ್ನು ಮಾಡಿ, ಅವಳು ಬಗ್ಗಿ ಚಪ್ಪಲಿ ತೆಗೆಯುತ್ತಿದ್ದಳು. ಅವರ ಕಣ್ಣು ತಾನಾಗಿಯೇ ಅವಳ ಭುಜದ ಮೇಲಿಂದ ಹಾದು ತಮ್ಮ ಬೂಟಿದ್ದ ಮಧ್ಯದ ಅಂತಸ್ತಿಗೆ ಹೋಯಿತು. ರೆಪ್ಪೆ ಹೊಡೆಯುವಷ್ಟು ಹೊತ್ತು, ಅಷ್ಟೇ. ಅಷ್ಟರಲ್ಲಿ ಅವಳು ತಿರುಗಿಬಿಟ್ಟಿದ್ದಳು. ಕೈಯಲ್ಲಿ ಚಪ್ಪಲಿ ಹಿಡಿದುಕೊಂಡೇ ಪಕ್ಕಕ್ಕೆ ಸರಿದು ದಾರಿ ಬಿಟ್ಟಳು.

"ಇದಾವೆ ಸಾರ್" ಎಂದಳು. "ನೋಡ್ಕೊಳ್ಳಿ."